ಇಪ್ಪತ್ತೆಂಟನೆಯ ಉಸಿರು

ಕೊಲ್ಹಾಪುರ
4 ನವೆಂಬರ್ 2024

ಶಾಂತಿನಾಥ ಸರ್ ಅವರಿಗೆ ಶುಭಾಂಗಿಯ ನಮಸ್ಕಾರಗಳು.

ಪತ್ರಿಕೆಯ ಅಧಿಕೃತ ಈಮೇಲ್ ನಿನ್ನೆಯೇ ನಿಮ್ಮನ್ನು ತಲುಪಿರಬೇಕು. 'ಮಾನ್ಯ ಪರಿಶೀಲಕರೇ, ತಮ್ಮ ಪರಿಣತಿಯನ್ನು ಗಮನಿಸಿ' ಎಂದು ಶುರುವಾಗುವ ಆ ಇಂಗ್ಲಿಷ್ ಓಲೆಯನ್ನು ಕಂಪ್ಯೂಟರ್ ಕಳಿಸುತ್ತದೆ. ಇದನ್ನು ನಾನು ಕಳಿಸುತ್ತಿದ್ದೇನೆ. ಪೋರ್ಟಲ್‌ನಲ್ಲಿ ಬರೆದದ್ದೆಲ್ಲ ದಾಖಲೆಯಾಗಿ ಉಳಿಯುತ್ತದೆ, ಅಲ್ಲಿ ನೀವು ಮನಸ್ಸು ಬಿಚ್ಚಿ ಬೈಯುವ ಹಾಗಿಲ್ಲ. ನನಗೋ ನಿಮ್ಮಿಂದ ಕನ್ನಡದಲ್ಲಿ ಬೈಸಿಕೊಳ್ಳುವುದು ಮೆಡಿಕಲ್ ಕಾಲೇಜಿನ ದಿನಗಳಿಂದ ರೂಢಿ. ಈ ಊರಿನಲ್ಲಿ ಮರಾಠಿಯಲ್ಲಿ ಬೈಯುವವರು ಬೇಕಾದಷ್ಟು ಇದ್ದಾರೆ, ಅದು ಅಷ್ಟು ನಾಟುವುದಿಲ್ಲ.

ಫೆಬ್ರವರಿಯಲ್ಲಿ ರತ್ನಮಾಲಾ ಕಾಕು ನಿಮ್ಮನ್ನು ಒಂಟಿ ಮಾಡಿ ತೀರಿಕೊಂಡ ಮೇಲೆ ನಿಮಗೆ ಯಾವ ಲೇಖನವನ್ನೂ ಕಳಿಸಿರಲಿಲ್ಲ. ಈಗಲೂ ಹಿಂಜರಿಕೆ ಇದೆ. ಆದರೆ ಉಸಿರಾಟದ ಚಿಕಿತ್ಸೆ ಕುರಿತ ನಮ್ಮ ಪುಟ್ಟ ತ್ರೈಮಾಸಿಕ ನಿಮ್ಮಂಥವರ ಪುಕ್ಕಟೆ ದುಡಿಮೆಯ ಮೇಲೆಯೇ ನಿಂತಿದೆ. ಲೇಖನ ಬಂದ ಕೂಡಲೇ ನಾನು ಲೇಖಕರ ಹೆಸರು, ಊರು, ಆಸ್ಪತ್ರೆ ಎಲ್ಲ ಅಳಿಸಿ ಇಬ್ಬರು ಪರಿಶೀಲಕರಿಗೆ ಕಳಿಸುತ್ತೇನೆ. ಬರೆದವರಿಗೆ ಓದುವವರು ಯಾರೆಂದು ಗೊತ್ತಿಲ್ಲ, ಓದುವವರಿಗೆ ಬರೆದವರು ಯಾರೆಂದು ಗೊತ್ತಿಲ್ಲ. ನಡುವೆ ಕೂತ ನನಗೊಬ್ಬಳಿಗೇ ಎರಡೂ ಗೊತ್ತು. ಒಂದು ರೀತಿಯಲ್ಲಿ ಮದುವೆಯ ದಲ್ಲಾಳಿ ಕೆಲಸ.

ಈ ಲೇಖನ ಪವರ್‌ಲೂಮ್ ಕೆಲಸಗಾರರ ಬಗ್ಗೆ. ನೂಲಿನ ಧೂಳಿನಿಂದ ಪುಪ್ಪುಸ ಕೆಟ್ಟವರಿಗೆ ಮನೆಯಲ್ಲೇ ಉಸಿರಾಟಕ್ಕೆ ನೆರವಾಗುವ ಬೈಪ್ಯಾಪ್ ಯಂತ್ರ ಕೊಟ್ಟು, ಮಲಗುವಾಗ ಮಾಸ್ಕ್ ಹಾಕಿಸಿ, ಯಂತ್ರದ ಮೆಮೊರಿ ಕಾರ್ಡಿನಲ್ಲಿ ದಾಖಲಾದ ಉಸಿರಿನ ಗೆರೆಗಳನ್ನು ಅಭ್ಯಾಸ ಮಾಡಿದ್ದಾರೆ. ಊರು ಅಳಿಸಿದ್ದೇನೆ. ಆದರೂ ಪವರ್‌ಲೂಮ್ ಎಂದ ಮೇಲೆ ಇಚಲಕರಂಜಿ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಣ್ಣ ತಾನಾಜಿಯೂ ಅಲ್ಲಿಯ ಮಗ್ಗದಲ್ಲೇ ಆಯುಷ್ಯ ಸವೆಸಿದವನು. ಅವನು ಮಗ್ಗ ನಡೆಸಿ ನನ್ನನ್ನು ಓದಿಸಿದ. ಹಾಗಾಗಿ ಈ ವಿಷಯದ ಮೇಲೆ ನನಗೆ ಸ್ವಲ್ಪ ಮಮತೆ ಹೆಚ್ಚು.

ಒಲ್ಲೆ ಎನ್ನಬೇಡಿ.

ನಿಮ್ಮ ವಿದ್ಯಾರ್ಥಿನಿ,
ಶುಭಾಂಗಿ


ಗಡಹಿಂಗ್ಲಜ
19 ನವೆಂಬರ್ 2024

ಶುಭಾಂಗಿ, ಆಶೀರ್ವಾದ.

ಲೇಖನ ಓದಿದೆ. 'ಗಣನೀಯ ತಿದ್ದುಪಡಿ ಅಗತ್ಯ' ಎಂದು ಪೋರ್ಟಲ್‌ನಲ್ಲಿ ಬರೆದಿದ್ದೇನೆ. ರೋಗಿಗಳು ಬೆರಳೆಣಿಕೆಯಷ್ಟು, ತೀರ್ಮಾನಗಳು ಮಾತ್ರ ಇಡೀ ದೇಶಕ್ಕೆ ಅನ್ವಯಿಸುವಷ್ಟು. ಹೋಲಿಸಿ ನೋಡಲು ಯಂತ್ರವಿಲ್ಲದವರ ಗುಂಪೇ ಇಲ್ಲ. ಕೆಲವು ಉಲ್ಲೇಖಗಳನ್ನು ಓದದೆಯೇ ಹಾಕಿದ್ದಾರೆ, ಅದು ಗೊತ್ತಾಗುತ್ತದೆ. ಬರೆದವರು ತರುಣರು ಎಂದು ಕಾಣುತ್ತದೆ. ಹುರುಪಿದೆ, ಅದನ್ನು ನೀನು ಆರಿಸಬೇಡ. ಆರಿಸುವುದು ನನ್ನ ಕೆಲಸ.

ಇಲ್ಲಿ ಕಬ್ಬು ಕಡಿಯುವುದು ಶುರುವಾಗಿದೆ. ಗಾಣದ ಹೊಗೆ ಕುಡಿದು ಕೆಮ್ಮುವವರಿಂದ ನನ್ನ ದವಾಖಾನೆ ತುಂಬಿರುತ್ತದೆ. ಮನೆಗೆ ಬಂದರೆ ಮಾತ್ರ ಭಾಳ ಶಾಂತ. ರತ್ನಮಾಲಾ ಇದ್ದಾಗ ಅವಳ ಬೈಪ್ಯಾಪ್ ಯಂತ್ರದ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದು ಗೊಣಗುತ್ತಿದ್ದೆ. ಈಗ ಅದಿಲ್ಲದೆ ಬರುವುದಿಲ್ಲ.

ಒಂದು ಪ್ರಶ್ನೆಯನ್ನು ಪೋರ್ಟಲ್‌ನಲ್ಲಿ ಹಾಕಿಲ್ಲ. ಮೂರನೆಯ ಚಿತ್ರದಲ್ಲಿ ನಾಲ್ಕನೆಯ ರೋಗಿಯ ಉಸಿರಿನ ಗೆರೆ ಇದೆ. ಜೂನ್ ತಿಂಗಳದ್ದು ಎಂದು ಬರೆದಿದ್ದಾರೆ. ಆ ಯಂತ್ರ ಹೊಸದೋ, ಬೇರೆಯವರು ಬಳಸಿ ಬಿಟ್ಟದ್ದೋ? ಕಾರ್ಡನ್ನು ರೋಗಿಗೆ ಕೊಡುವ ಮೊದಲು ಅಳಿಸಿದ್ದರೋ ಇಲ್ಲವೋ? ಲೇಖಕರನ್ನು ಕೇಳಿ ತಿಳಿಸು. ನಾನು ಕೇಳಿದೆ ಎನ್ನಬೇಡ, ಸಂಪಾದಕಿಯ ಶಂಕೆ ಎಂದು ಹೇಳು.

ಶಾಂತಿನಾಥ


ಕೊಲ್ಹಾಪುರ
27 ನವೆಂಬರ್ 2024

ಸರ್, ನಮಸ್ಕಾರ.

ನಿಮ್ಮ ಅಭಿಪ್ರಾಯ ಓದಿ ಲೇಖಕರು ಎರಡು ದಿನ ಊಟ ಬಿಟ್ಟರಂತೆ. ಮೊದಲನೆಯ ಪರಿಶೀಲಕರು 'ಉತ್ತಮ ಪ್ರಯತ್ನ' ಎಂದು ಒಂದೇ ಸಾಲು ಬರೆದು ಕೈತೊಳೆದುಕೊಂಡಿದ್ದಾರೆ. ಎಂದಿನಂತೆ ಎರಡನೆಯ ಪರಿಶೀಲಕರೇ ಯಮ.

ನಿಮ್ಮ ಗುಟ್ಟಿನ ಪ್ರಶ್ನೆಗೂ ಉತ್ತರ ಬಂದಿದೆ. ನಾಲ್ಕನೆಯ ರೋಗಿಯ ಯಂತ್ರ ದಾನದಲ್ಲಿ ಬಂದದ್ದು. ಇಚಲಕರಂಜಿಯಲ್ಲಿ ಒಂದು ಟ್ರಸ್ಟ್ ಇದೆ, ಮನೆಗಳಲ್ಲಿ ಬಳಸಿ ಉಳಿದ ಯಂತ್ರಗಳನ್ನು ಪಡೆದು ಬಡ ರೋಗಿಗಳಿಗೆ ಕೊಡುತ್ತದೆ. ಕಾರ್ಡನ್ನು ಲೇಖಕರೇ ಅಳಿಸಿ, ಖಾಲಿ ಇದೆ ಎಂದು ನೋಡಿ ಹಾಕಿದ್ದಾರೆ. ಯಂತ್ರ ತಾನಾಗಿ ಉಸಿರು ನೂಕುವ ಕ್ರಮದಲ್ಲಿಲ್ಲ, ರೋಗಿ ಎಳೆದಾಗ ಆಸರೆ ಕೊಡುತ್ತದೆ ಅಷ್ಟೆ. ಆದ್ದರಿಂದ ಆ ಗೆರೆ ರೋಗಿಯದೇ, ಸಂಶಯವಿಲ್ಲ.

ಈಗ ನೀವು ಹೇಳಬೇಕು. ಆ ಗೆರೆಯಲ್ಲಿ ಏನು ಕಂಡಿರಿ? ನಾನೂ ಕಣ್ಣು ಕಿರಿದು ಮಾಡಿ ನೋಡಿದೆ. ಮೂರು ಮೂರು ಉಸಿರಿನ ಗುಂಪು ಇದ್ದ ಹಾಗಿದೆ, ಬೇರೇನೂ ತಿಳಿಯಲಿಲ್ಲ.

ಶುಭಾಂಗಿ


ಗಡಹಿಂಗ್ಲಜ
8 ಡಿಸೆಂಬರ್ 2024

ಶುಭಾಂಗಿ,

ಇದನ್ನು ಓದಿ ನಗಬೇಡ. ನಕ್ಕರೂ ನನಗೆ ತಿಳಿಸಬೇಡ.

ನಮ್ಮಲ್ಲಿ ಕಾಯೋತ್ಸರ್ಗ ಎಂದು ಮಾಡುತ್ತಾರೆ. ದೇಹದ ಮೇಲಿನ ಮಮತೆ ಬಿಟ್ಟು ನಿಶ್ಚಲವಾಗಿದ್ದು, ಮನಸ್ಸಿನಲ್ಲೇ ಒಂಬತ್ತು ಸಲ ಣಮೋಕಾರ ಮಂತ್ರ ಹೇಳುವುದು. ಒಂದು ಮಂತ್ರಕ್ಕೆ ಮೂರು ಉಸಿರು, ಒಟ್ಟು ಇಪ್ಪತ್ತೇಳು. ರತ್ನಮಾಲಾ ನಾಂದಣಿಯ ಮಗಳು, ಅಲ್ಲಿಯ ಜೈನ ಮಠದ ನೆರಳಲ್ಲಿ ಬೆಳೆದವಳು, ಒಂದು ದಿನ ತಪ್ಪಿಸಿದವಳಲ್ಲ. ಕಾಯಿಲೆ ಬಲಿತ ಮೇಲೆ ಮಲಗಿಕೊಂಡು, ಮಾಸ್ಕ್ ಹಾಕಿಕೊಂಡೇ ಮಾಡುತ್ತಿದ್ದಳು. ನಾನು ಡಾಕ್ಟರು, ಬೆಳಗ್ಗೆ ಕಾರ್ಡ್ ತೆಗೆದು ನೋಡುತ್ತಿದ್ದೆ. ಎರಡು ಸಣ್ಣ ಉಸಿರು, ಮೂರನೆಯದು ಉದ್ದ, ಸ್ವಲ್ಪ ತಡೆ. ಹೀಗೆ ಒಂಬತ್ತು ಗುಂಪು. ಎಲ್ಲ ಮುಗಿದ ಮೇಲೆ ಒಂದು ಪುಟ್ಟ ಉಸಿರು ಹೆಚ್ಚಿಗೆ ಇರುತ್ತಿತ್ತು. ಲೆಕ್ಕ ತಪ್ಪಿದೆಯಲ್ಲ ಎಂದು ಒಂದು ಸಲ ಕೇಳಿದೆ.

"ಅದು ನಿಮ್ಮ ಪಾಲಿಂದ್ರಿ," ಅಂದಳು. "ನೀವಂತೂ ಜಪಕ್ಕ ಕೂಡಂಗಿಲ್ಲ. ಒಂದರೆ ನಿಮ್ಮ ಹೆಸರೀಲೆ ಇರ್ಲಿ ಅಂತ ನಾನs ತಗೋತೇನಿ."

ಮೂರನೆಯ ಚಿತ್ರದಲ್ಲಿ ಆ ಇಪ್ಪತ್ತೆಂಟನೆಯ ಉಸಿರಿದೆ.

ಅವಳು ಹೋದ ಮೇಲೆ ಯಂತ್ರವನ್ನು ಗುಪ್ತದಾನ ಮಾಡಿದೆ. ಕೊಟ್ಟವರ ಹೆಸರು ಪಡೆದವರಿಗೆ ಗೊತ್ತಾಗಬಾರದು, ಪಡೆದವರ ಹೆಸರು ಕೊಟ್ಟವರಿಗೆ. ನಿನ್ನ ಪತ್ರಿಕೆಯ ಹಾಗೆಯೇ. ದಾನದಲ್ಲಿ ಏನನ್ನೂ ಹಿಂದಿಟ್ಟುಕೊಳ್ಳಬಾರದು ಎಂಬ ನಮ್ಮ ಪದ್ಧತಿಯಂತೆ ಕಾರ್ಡನ್ನೂ ಅದರಲ್ಲೇ ಬಿಟ್ಟುಕೊಟ್ಟೆ. ಮೊದಲು, ಅಳಿಸದ ಆ ಕಾರ್ಡಿನ ಹಳೆಯ ಗೆರೆಯನ್ನೇ ಆ ಹುಡುಗ ಹೊಸದೆಂದು ಹಾಕಿಬಿಟ್ಟಿದ್ದಾನೆ ಎಂದುಕೊಂಡಿದ್ದೆ. ನಿನ್ನ ಪತ್ರ ಆ ದಾರಿಯನ್ನು ಮುಚ್ಚಿತು.

ನಾಲ್ಕನೆಯ ರೋಗಿ ನಮ್ಮವರೇ? ಅಂದರೆ ಜೈನರೇ? ಈಗ ಹೇಗಿದ್ದಾರೆ? ಸೆಪ್ಟೆಂಬರಿನ ಗೆರೆ ಪೂರಕ ಪುಟಗಳಲ್ಲಿದೆ, ಅದರಲ್ಲಿ ಎಂಟೇ ಗುಂಪು. ಅದರ ನಂತರದ್ದು ನನಗೆ ಬೇಕು.

ಶಾಂತಿನಾಥ


ಕೊಲ್ಹಾಪುರ
30 ಡಿಸೆಂಬರ್ 2024

ಮಾನ್ಯ ಸರ್,

ಉತ್ತರ ತಡವಾಯಿತು, ಕ್ಷಮಿಸಿ.

ಪರಿಶೀಲಕರಿಗೆ ಲೇಖನದ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇದ್ದರೆ ಮೊದಲೇ ಘೋಷಿಸಬೇಕು ಎಂಬುದು ನಮ್ಮ ನಿಯಮ. ನೀವೇ ಅದನ್ನು ನನಗೆ ಕಲಿಸಿದವರು. ಯಂತ್ರ ನಿಮ್ಮ ಮನೆಯದು ಎಂಬ ಅನುಮಾನ ಬಂದ ಕ್ಷಣವೇ ನೀವು ಹಿಂದೆ ಸರಿಯಬೇಕಿತ್ತು. ಆದ್ದರಿಂದ ಈ ಲೇಖನದ ಪರಿಶೀಲನೆಯಿಂದ ನಿಮ್ಮನ್ನು ಬಿಡುಗಡೆ ಮಾಡಿದ್ದೇನೆ. ಮೂರನೆಯ ಚಿತ್ರವನ್ನು ತೆಗೆಯಲು ಲೇಖಕರಿಗೆ ಹೇಳಿದ್ದೇನೆ.

ರೋಗಿಯ ಗುರುತು ಹೇಳುವಂತಿಲ್ಲ. ಜೈನರಲ್ಲ. ಅಂಥ ಮಂತ್ರವಿದೆ ಎಂಬುದೂ ಅವರಿಗೆ ತಿಳಿದಿರಲಿಕ್ಕಿಲ್ಲ. ಆರೋಗ್ಯವಾಗಿದ್ದಾರೆ. ಆ ಯಂತ್ರದಿಂದಲೇ ಅವರಿಗೆ ಜೀವ ಬಂದ ಹಾಗಾಗಿದೆ, ಅದನ್ನು ಅವರಿಂದ ತೆಗೆದುಕೊಳ್ಳುವ ಮಾತು ಯಾರೂ ಆಡಬಾರದು.

ನೀವು ದುಃಖದಲ್ಲಿದ್ದೀರಿ. ದುಃಖದಲ್ಲಿರುವ ಕಣ್ಣಿಗೆ ಗೆರೆಗಳಲ್ಲಿ ಏನೇನೋ ಕಾಣುತ್ತದೆ. ಸ್ವಲ್ಪ ದಿನ ಎಲ್ಲಿಗಾದರೂ ಹೋಗಿ ಬನ್ನಿ.

ಶುಭಾಂಗಿ


ಗಡಹಿಂಗ್ಲಜ
6 ಜನವರಿ 2025

ಶುಭಾಂಗಿ,

ನಿನ್ನ ಪತ್ರ ಓದಿ ನೋವಾಯಿತು. ನಿಯಮದ ಮಾತಿಗಲ್ಲ. ಅದನ್ನು ನೀನು ಸರಿಯಾಗಿಯೇ ಹೇಳಿದ್ದೀಯ, ತಪ್ಪು ನನ್ನದೇ. ಹೋಗಿ ಬನ್ನಿ ಎಂದೆಯಲ್ಲ, ಅದಕ್ಕೆ.

ನಾನು ಯಂತ್ರವನ್ನು ವಾಪಸು ಕೇಳಿಲ್ಲ. ಕೊಟ್ಟ ದಾನವನ್ನು ಮರಳಿ ಕೇಳುವ ಮನೆತನ ನಮ್ಮದಲ್ಲ. ಕೇಳದ ವಸ್ತುವನ್ನು ಕೊಡಲಾರೆ ಎಂದು ಅಷ್ಟು ಜೋರಾಗಿ ಹೇಳಿದ್ದು ಯಾಕೆ ಎಂದು ಯೋಚಿಸುತ್ತಿದ್ದೇನೆ. ಇನ್ನೊಂದು ವಿಚಾರ. ಸಂಪಾದಕರಿಗೆ ರೋಗಿಗಳ ಹೆಸರು ಗೊತ್ತಿರುವುದಿಲ್ಲ, ಅಂಕಿಗಳು ಮಾತ್ರ ಗೊತ್ತಿರುತ್ತವೆ. ನಾಲ್ಕನೆಯ ರೋಗಿ ಆರೋಗ್ಯವಾಗಿದ್ದಾರೆ ಎಂದು ನಿನಗೆ ಯಾರು ಹೇಳಿದರು?

ಉತ್ತರ ಬೇಡ. ಇದೊಂದನ್ನು ಮಾತ್ರ ಕೇಳು. ರತ್ನಮಾಲಾ ಕ್ಷೀಣಿಸಿದ ಹಾಗೆ ಒಂಬತ್ತು ಗುಂಪು ಎಂಟಾಯಿತು, ಏಳಾಯಿತು. ಮಂತ್ರದ ನಡುವೆಯೇ ದಮ್ಮು ಸಾಲದೆ ನಿಲ್ಲಿಸುತ್ತಿದ್ದಳು. ನನ್ನ ಪಾಲಿನ ಪುಟ್ಟ ಉಸಿರನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ಐದಕ್ಕೆ ಇಳಿದ ಮೇಲೆ ಅವಳು ಭಾಳ ದಿನ ಉಳಿಯಲಿಲ್ಲ.

ಆ ರೋಗಿಯ ಈಗಿನ ಗೆರೆ ತರಿಸಿಕೊಂಡು ಎಣಿಸು. ಬೇರೆಯವರ ಕೈಲಿ ಎಣಿಸಬೇಡ.

ಶಾಂತಿನಾಥ


ಕೊಲ್ಹಾಪುರ
2 ಫೆಬ್ರವರಿ 2025

ಸರ್,

ಎಣಿಸಿದೆ. ಐದು.

ನಾಲ್ಕನೆಯ ರೋಗಿ ನನ್ನ ಅಣ್ಣ ತಾನಾಜಿ. ಲೇಖನ ನಿಮಗೆ ಕಳಿಸಿದಾಗ ಇದು ನನಗೆ ಗೊತ್ತಿರಲಿಲ್ಲ. ಅವನಿಗೆ ಟ್ರಸ್ಟಿನಿಂದ ಯಂತ್ರ ಸಿಕ್ಕದ್ದು ಗೊತ್ತಿತ್ತು, ಅಭ್ಯಾಸಕ್ಕೆ ಸೇರಿಸಿಕೊಂಡದ್ದನ್ನು ಅವನು ಹೇಳಿರಲೇ ಇಲ್ಲ. ನಿಮ್ಮ ಡಿಸೆಂಬರಿನ ಪತ್ರ ಬಂದ ಮೇಲೆ ಯಂತ್ರದ ನಂಬರು ತರಿಸಿ ನೋಡಿದೆ, ಅಣ್ಣನ ಮನೆಯದೇ. ಆಗಲೇ ನಾನೂ ಸಂಪಾದಕತ್ವದಿಂದ ಸರಿದು ಲೇಖನವನ್ನು ಸಹ ಸಂಪಾದಕ ಶ್ರೀಪಾಲ ಅವರಿಗೆ ಒಪ್ಪಿಸಬೇಕಿತ್ತು. ನಿಮ್ಮನ್ನು ಬಿಡಿಸಿ ನಾನು ಕೂತೆ. ನೀವು ಅವನ ಯಂತ್ರ ಕೇಳುತ್ತೀರಿ ಎಂದು ಹೆದರಿದ್ದೆ.

ಅಣ್ಣನಿಗೆ ರಾತ್ರಿ ಪಾಳಿ, ಮಧ್ಯಾಹ್ನ ಮಲಗುತ್ತಾನೆ. ಮೊನ್ನೆ ಬಸ್ಸು ಹಿಡಿದು ಹೋದೆ. ಅವನ ಗಲ್ಲಿಯಲ್ಲಿ ಎರಡೂ ಬದಿಗೆ ಮಗ್ಗಗಳು, ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕು. ಆ ಗದ್ದಲದಲ್ಲೂ ಅವನ ಕೋಣೆಗೆ ಕಾಲಿಟ್ಟರೆ ಯಂತ್ರದ ಉಸಿರು ಒಂದೇ ಕೇಳುತ್ತಿತ್ತು. ಅತ್ತಿಗೆ, ನಮ್ಮ ವಹಿನಿ, ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಅವನು ಅಂಗಾತ ಮಲಗಿದ್ದ. ಎರಡು ಸಣ್ಣ, ಒಂದು ಉದ್ದ. ಬಲಗೈ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ನಾವು ಉತ್ತೂರಿನ ಕಡೆ ಕುರಿ ಕಾಯ್ದ ಮಂದಿ ಸರ್, ನಮ್ಮ ಮನೆಯಲ್ಲಿ ಯಾರೂ ಜಪ ಮಾಡಿದವರಲ್ಲ. ಹೆಬ್ಬೆರಳು ಐದನೆಯ ಗೆಣ್ಣಿಗೆ ಬಂದು ನಿಂತಿತು. ಆಮೇಲೆ ಆ ಪುಟ್ಟ ಉಸಿರು. ಅದಾದ ಮೇಲೆ ಎಷ್ಟು ಹೊತ್ತು ಏನೂ ಇರಲಿಲ್ಲ ಎಂದರೆ, ನಾನು ಡಾಕ್ಟರು ಎಂಬುದನ್ನೇ ಮರೆತು ಅವನ ಭುಜ ಹಿಡಿದು ಅಲ್ಲಾಡಿಸಿದೆ.

ಎದ್ದು ನನ್ನನ್ನು ನೋಡಿ ಬೇಸರ ಮಾಡಿಕೊಂಡ. ಎಬ್ಬಿಸಿದ್ದಕ್ಕಲ್ಲ.

"ಬಾಜೂಕ ಒಬ್ಬ ಹೆಣಮಗಳು ಕುಂದರ್ತಾಳ ತಂಗಿ," ಅಂದ. "ಎಣಸ್ತಾಳ. ಹೆದರಿಕಿ ಇಲ್ಲ, ಛಲೋ ಅನಸ್ತದ. ಖರೆ ಅಕಿ ನಿಂತಲ್ಲೆ ನಾನೂ ನಿಲ್ಲಬೇಕಾಗ್ತದ."

ಅವತ್ತೇ ಯಂತ್ರ ಕಿತ್ತು ತಂದೆ. ನಾನು ಕೆಲಸ ಮಾಡುವ ಕಾಲೇಜಿನಿಂದ ಬೇರೆಯದನ್ನು ಕೊಟ್ಟಿದ್ದೇನೆ. ಲೇಖನದ ಕಡತವನ್ನು ಶ್ರೀಪಾಲರಿಗೆ ಒಪ್ಪಿಸಿ, ಎಲ್ಲವನ್ನೂ ಬರೆದುಕೊಟ್ಟೆ. ಎಲ್ಲವನ್ನೂ ಎಂದರೆ ಬರೆಯಬಹುದಾದಷ್ಟನ್ನು.

ಯಂತ್ರ ಈಗ ನನ್ನ ಆಫೀಸಿನ ಕಪಾಟಿನಲ್ಲಿದೆ. ತಂತಿ ಸುತ್ತಿಟ್ಟಿದ್ದೇನೆ. ಆದರೂ ಆ ಕಪಾಟಿಗೆ ಬೆನ್ನು ಕೊಟ್ಟು ಕೂರಲು ನನಗೆ ಆಗುತ್ತಿಲ್ಲ. ಏನು ಮಾಡಲಿ?

ಶುಭಾಂಗಿ


ಗಡಹಿಂಗ್ಲಜ
7 ಫೆಬ್ರವರಿ 2025

ಶುಭಾಂಗಿ,

ನೀನು ಮಾಡಿದ್ದು ಸರಿ. ನಿನ್ನ ಜಾಗದಲ್ಲಿದ್ದರೆ ನಾನೂ ನಿನ್ನಷ್ಟೇ ಮುಚ್ಚಿಡುತ್ತಿದ್ದೆ.

ಯಂತ್ರವನ್ನು ಇನ್ನೊಬ್ಬರಿಗೆ ಕೊಡುವ ಹಾಗಿಲ್ಲ, ಒಡೆಯುವ ಹಾಗೂ ಇಲ್ಲ. ಇಲ್ಲಿಗೆ ಕಳಿಸು. ನಾನು ಕೇಳುತ್ತಿಲ್ಲ, ನೀನೇ ಕೊಡುತ್ತಿದ್ದೀಯ. ಹಾಗಾದರೆ ಪದ್ಧತಿಗೂ ಭಂಗವಿಲ್ಲ.

ಮಾಸ್ಕನ್ನು ತೊಳೆಯಬೇಡ.

ಶಾಂತಿನಾಥ


ಕೊಲ್ಹಾಪುರ
20 ಮಾರ್ಚ್ 2025

ಸರ್, ನಮಸ್ಕಾರ.

ಮೊದಲು ಒಳ್ಳೆಯ ಸುದ್ದಿ. ಅಣ್ಣ ಚೇತರಿಸಿಕೊಂಡಿದ್ದಾನೆ. ಮೊದಲ ವಾರ ಹೊಸ ಯಂತ್ರ ಹಾಕಿಕೊಂಡು ಚಡಪಡಿಸಿದ, 'ಆ ಹೆಣಮಗಳು ಎಲ್ಲಿ ಹೋದ್ಳು' ಎಂದು ವಹಿನಿಯನ್ನು ಕೇಳಿದನಂತೆ. ವಹಿನಿ ಅದಕ್ಕೆ ಕೊಟ್ಟ ಉತ್ತರವನ್ನು ಕಾಗದದಲ್ಲಿ ಬರೆಯಲಾಗದು. ಈಗ ಅವನ ಉಸಿರಿನ ಗೆರೆ ಅಂಕುಡೊಂಕಾಗಿ, ಯಾವ ಲೆಕ್ಕಕ್ಕೂ ಸಿಗದೆ ಓಡುತ್ತದೆ. ಅಷ್ಟು ಚೆಂದದ ಗೆರೆಯನ್ನು ನಾನು ಬೇರೆ ನೋಡಿಲ್ಲ. ಲೇಖನ ಶ್ರೀಪಾಲರ ಕೈಯಲ್ಲಿ ಸ್ವೀಕೃತವಾಯಿತು, ಮೂರನೆಯ ಚಿತ್ರ ಮತ್ತು ನಾಲ್ಕನೆಯ ರೋಗಿ ಇಲ್ಲದೆ.

ನಾನು ಕಳಿಸಿಕೊಟ್ಟ ಆ ಯಂತ್ರದಿಂದ ತೆಗೆದು ನೀವು ಕುರಿಯರ್‌ನಲ್ಲಿ ಕಳಿಸಿದ ಕಾರ್ಡ್ ನೋಡಿದೆ. 'ಓದಿ ಅಭಿಪ್ರಾಯ ತಿಳಿಸು' ಎಂದಷ್ಟೇ ಚೀಟಿ ಇಟ್ಟಿದ್ದಿರಿ. ಮೂರು ಮೂರರ ಗುಂಪು, ಒಂಬತ್ತೂ ಪೂರ್ತಿ. ಮತ್ತೆ ಕಾಕುವೇ ಬಂದರೇನೋ ಎಂದುಕೊಂಡೆ. ಆದರೆ ಕೊನೆಯ ಆ ಪುಟ್ಟ ಉಸಿರು ಒಂದು ದಿನವೂ ಇಲ್ಲ. ಆಗ ಸಮಾಧಾನವಾಯಿತು. ಅದು ಕಾಕುವಿನ ಗುರುತು. ಅದಿಲ್ಲ ಎಂದ ಮೇಲೆ ಇದು ನಿಮ್ಮದೇ ಉಸಿರು. ಕಾಕು ಇದ್ದಾಗ ಕೂಡದವರು ಈಗ ಮಾಸ್ಕ್ ಹಾಕಿಕೊಂಡು ಕಾಯೋತ್ಸರ್ಗಕ್ಕೆ ಕೂತಿದ್ದೀರಿ. ನನಗೆ ಕಣ್ಣಲ್ಲಿ ನೀರು ಬಂತು ಸರ್.

ಆದರೂ ನನ್ನ ಮಾತು ಕೇಳಿ. ಜಪ ಮಾಡಿ, ಯಂತ್ರ ಬೇಡ. ಬರುವ ಭಾನುವಾರ ಗಡಹಿಂಗ್ಲಜಕ್ಕೆ ಬಂದು ಅದನ್ನು ತೆಗೆದುಕೊಂಡು ಹೋಗುತ್ತೇನೆ.

ಶುಭಾಂಗಿ


ಗಡಹಿಂಗ್ಲಜ
27 ಮಾರ್ಚ್ 2025

ಶುಭಾಂಗಿ, ಆಶೀರ್ವಾದ.

ತಾನಾಜಿಯ ಸುದ್ದಿ ಓದಿ ತುಂಬಾ ಸಂತೋಷವಾಯಿತು. ನಿನ್ನ ವಹಿನಿಗೆ ನನ್ನ ನಮಸ್ಕಾರ ತಿಳಿಸು. ಅವಳ ಉತ್ತರ ಏನಿದ್ದರೂ ಅದು ನ್ಯಾಯವಾದದ್ದೇ.

ಭಾನುವಾರ ನೀನು ಬಂದು ಬಾಗಿಲು ಬಡಿದದ್ದು ಕೇಳಿಸಿತು. ತೆಗೆಯಲಿಲ್ಲ, ಬೇಸರಿಸಬೇಡ. ಎಣಿಕೆ ನಡೆದಿತ್ತು, ನಡುವೆ ಏಳುವ ಹಾಗಿರಲಿಲ್ಲ.

ನಿನ್ನ ಓದಿನಲ್ಲಿ ಒಂದು ತಪ್ಪಿದೆ. ಹಳೆಯ ಮೇಷ್ಟ್ರಾದ್ದರಿಂದ ತಿದ್ದದೆ ಇರಲಾರೆ. ಕಾರ್ಡಿನಲ್ಲಿರುವ ಉಸಿರು ನನ್ನದಲ್ಲ. ನಾನು ಒಂದು ದಿನವೂ ಮಾಸ್ಕ್ ಹಾಕಿಕೊಂಡಿಲ್ಲ. ಅದನ್ನು ಅವಳ ದಿಂಬಿನ ಮೇಲಿಟ್ಟು, ಯಂತ್ರ ಹಚ್ಚಿ, ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಬರಿಯ ದಿಂಬಿನ ಮೇಲಿಟ್ಟ ಮಾಸ್ಕಿನಿಂದ ಗಾಳಿ ಸೋರಬೇಕು, ಯಂತ್ರ ಕೂಗಿಕೊಳ್ಳಬೇಕು. ಅದು ಕೂಗುವುದಿಲ್ಲ. ಸ್ವಲ್ಪ ಹೊತ್ತಿಗೆ ಮೊದಲ ಉಸಿರು ಬರುತ್ತದೆ.

ಆ ಪುಟ್ಟ ಉಸಿರು ಕಾಣಲಿಲ್ಲ ಎಂದೆಯಲ್ಲ. ಕಾಣುವುದಿಲ್ಲ. ಅದು ನನ್ನ ಪಾಲಿನದು, ನಾನು ಕೂಡದೆ ಇದ್ದುದಕ್ಕೆ ಅವಳು ತೆಗೆದುಕೊಳ್ಳುತ್ತಿದ್ದದ್ದು. ಈಗ ನಾನು ಕೂಡುತ್ತೇನೆ. ಅವಳ ಎಣಿಕೆ ಮುಗಿದ ಮೇಲೆ ಅದನ್ನು ನಾನೇ ತೆಗೆದುಕೊಳ್ಳುತ್ತೇನೆ, ಕುರ್ಚಿಯಲ್ಲಿ, ಯಾವ ಕಾರ್ಡಿನಲ್ಲೂ ದಾಖಲಾಗದ ಹಾಗೆ. ಅವಳು ನಿಂತಲ್ಲಿ ನಾನೂ ನಿಲ್ಲಬೇಕಾಗುತ್ತದೆ. ನಿನ್ನ ಅಣ್ಣ ಹೇಳಿದ್ದು ನಿಜ, ಹೆದರಿಕೆ ಇಲ್ಲ.

ಮತ್ತೆ ಬರಬೇಡ. ಶ್ರೀಪಾಲರನ್ನೂ ಕಳಿಸಬೇಡ. ಕಳೆದ ಸಲ ನಿಯಮ ಮುರಿದೆ, ಈ ಸಲ ಮೊದಲೇ ಘೋಷಿಸುತ್ತಿದ್ದೇನೆ: ಈ ವಿಷಯದಲ್ಲಿ ನನಗೆ ಸ್ವಂತ ಹಿತಾಸಕ್ತಿ ಇದೆ, ಪೂರ್ತಿ ಇದೆ. ಬೇರೆ ಪರಿಶೀಲಕರು ಬೇಕಾಗಿಲ್ಲ.

ಮೊನ್ನೆಯಿಂದ ಎಂಟೇ ಆಗುತ್ತಿವೆ. ಕೂಡುವ ಹೊತ್ತಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಶಾಂತಿನಾಥ